ಸಂಬಳದಕ್ಕನ ನಾಲ್ಕುನೂರ ಹನ್ನೊಂದು ನೆಂಟರು

ಆ ನೇಮಕಾತಿ ಏಜೆನ್ಸಿಯಲ್ಲಿ ಹನ್ನೊಂದು ವರ್ಷಗಳಿಂದ ಪ್ರತಿ ತಿಂಗಳ ಕೊನೆಯ ದಿನವೇ ಸಂಬಳವಾಗುತ್ತಿತ್ತು. ಇದೊಂದು ಗಂಭೀರ ಸಮಸ್ಯೆ ಎಂಬುದು ಹನ್ನೊಂದು ವರ್ಷವೂ ಯಾರ ಗಮನಕ್ಕೂ ಬಂದಿರಲಿಲ್ಲ.

ಏಜೆನ್ಸಿ ಇದ್ದದ್ದು ಹಾಸಿಗೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ಕಾವಲುಗಾರರು, ಡ್ರೈವರುಗಳು, ಕಸ ಗುಡಿಸುವವರು, ಫೋನ್ ಎತ್ತುವ ಹುಡುಗಿಯರು, ಹೀಗೆ ನಾಲ್ಕುನೂರ ಹನ್ನೆರಡು ಜನರನ್ನು ಅದು ಬೇರೆ ಬೇರೆ ಕಂಪನಿಗಳಿಗೆ ಕೆಲಸಕ್ಕೆ ಕಳಿಸುತ್ತಿತ್ತು. ಕಂಪನಿಗಳು ಏಜೆನ್ಸಿಗೆ ದುಡ್ಡು ಕೊಡುತ್ತಿದ್ದವು. ಏಜೆನ್ಸಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಜನರಿಗೆ ಹಂಚುತ್ತಿತ್ತು. ಆ ಹಂಚಿಕೆಯ ಲೆಕ್ಕವನ್ನೆಲ್ಲ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಒಬ್ಬಳೇ ಒಬ್ಬ ಹೆಂಗಸು ಮಾಡುತ್ತಿದ್ದಳು. ಎಲ್ಲರೂ ಅವಳನ್ನು ಸಂಬಳದಕ್ಕ ಎನ್ನುತ್ತಿದ್ದರು.

ಅವಳ ಪದ್ಧತಿ ಬಹಳ ಹಳೆಯದು. ಹಾಜರಿ ಪಟ್ಟಿ ನೋಡುವಳು, ಅನುಮಾನ ಬಂದರೆ ಫೋನ್ ಮಾಡಿ ಕೇಳುವಳು. "ಅಣ್ಣಾ, ಹದಿನಾಲ್ಕನೇ ತಾರೀಕು ಡಬಲ್ ಡ್ಯೂಟಿ ಮಾಡಿದ್ರಲ್ಲ, ಪಟ್ಟೀಲಿ ಬಂದಿಲ್ಲ" ಎನ್ನುವಳು. ಅಣ್ಣ ಹೌದೆಂದರೆ ಸೇರಿಸುವಳು. ಕೊನೆಯ ದಿನ ಸಂಜೆಯೊಳಗೆ ನಾಲ್ಕುನೂರ ಹನ್ನೆರಡು ಜನರ ಸಂಬಳ ಅವರವರ ಖಾತೆಗೆ ಹೋಗಿ ಬೀಳುತ್ತಿತ್ತು. ಆ ಪಟ್ಟಿಯಲ್ಲಿ ಔಷಧಿ ಸಾಗಿಸುವ ವ್ಯಾನಿನ ಡ್ರೈವರ್ ಒಬ್ಬನಿದ್ದ. ಅವನು ಅವಳ ಗಂಡ.

ಹೀಗಿರುವಾಗ ಯಜಮಾನರು ಎರಡು ದಿನದ ಒಂದು ಶಿಬಿರಕ್ಕೆ ಹೋಗಿ, ಒಂದು ಚೀಲ, ಒಂದು ನೀರಿನ ಬಾಟಲಿ ಮತ್ತು 'ದಕ್ಷತೆ' ಎಂಬ ಪದದೊಂದಿಗೆ ವಾಪಸು ಬಂದರು. ಚೀಲ, ಬಾಟಲಿ ಮನೆಗೆ ಹೋದವು. ಪದ ಆಫೀಸಿನಲ್ಲೇ ಉಳಿಯಿತು. ಅದರ ಬೆನ್ನಿಗೇ ಒಬ್ಬ ಸಲಹೆಗಾರರು ಬಂದರು. ಅವರು ಮೂರು ದಿನ ಸಂಬಳದಕ್ಕನ ಪಕ್ಕ ಕುರ್ಚಿ ಹಾಕಿಕೊಂಡು, ಅವಳು ಎಷ್ಟು ಸಲ ಕೆಮ್ಮಿದಳು ಎಂಬುದನ್ನೂ ಬಿಡದೆ ಬರೆದುಕೊಂಡು, ನಲವತ್ತು ಪುಟದ ವರದಿ ಕೊಟ್ಟರು. ಇಡೀ ಏಜೆನ್ಸಿಯ ಸಂಬಳ ಒಬ್ಬ ವ್ಯಕ್ತಿಯ ಆರೋಗ್ಯದ ಮೇಲೆ ನಿಂತಿದೆ, ಆಕೆಗೆ ನೆಗಡಿಯಾದರೆ ಗತಿಯೇನು, ಆದ್ದರಿಂದ ಈ ಕೆಲಸವನ್ನು ಹೊರಗಿನ ಪರಿಣತ ಸಂಸ್ಥೆಗೆ ವಹಿಸತಕ್ಕದ್ದು ಎಂಬುದು ಅದರ ಸಾರಾಂಶ. ಅಂಥ ಪರಿಣತ ಸಂಸ್ಥೆಯೊಂದನ್ನು ಸಲಹೆಗಾರರ ಬಾಮೈದ ಅದೇ ವಾರ ಆರಂಭಿಸಿದ್ದು ಎಲ್ಲರಿಗೂ ಅನುಕೂಲವಾಯಿತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಬಳದಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಅವಳ ಸೇವೆಯನ್ನು ಹೊಗಳಿ, ಕೆಲಸದಿಂದ ಬಿಡುಗಡೆ ಮಾಡಲಾಯಿತು. ಮಧ್ಯಾಹ್ನ ಎರಡಕ್ಕೆ ಬಾಮೈದನ ಸಂಸ್ಥೆಯಿಂದ ಏಜೆನ್ಸಿಗೆ ಕೋರಿಕೆ ಪತ್ರ ಬಂತು: ಸಂಬಳದ ಕೆಲಸ ಬಲ್ಲ ಒಬ್ಬರು ಬೇಕಾಗಿದ್ದಾರೆ. ಏಜೆನ್ಸಿಯ ಪಟ್ಟಿಯಲ್ಲಿ ಅಂಥವರು ಒಬ್ಬರೇ ಇದ್ದರು. ಅವಳು ಗಡಿಯಾರ ಹಿಡಿದುಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಕರೆಸಿ ಸಂದರ್ಶನ ಮಾಡಿದರು.

"ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದು ಯಜಮಾನರು ಕೇಳಿದರು.

"ಬೆಳಿಗ್ಗೆ ನೀವೇ ಬಿಡಿಸಿದ್ರಲ್ಲ ಸರ್."

"ಹಿಂದಿನ ಮಾಲೀಕರನ್ನ ದೂರಬಾರದು. ಕೇಳೋಕೆ ಚೆನ್ನಾಗಿರಲ್ಲ," ಎಂದು ಅವರು ಎರಡು ಅಂಕ ಕಳೆದರು.

ಆದರೂ ಅವಳು ಪಾಸಾದಳು. ಸಂಸ್ಥೆಗಿಂತ ಅದರ ನೌಕರರಿಗೆ ಹೆಚ್ಚು ಅನುಭವ ಇರಬಾರದೆಂದು ಬಾಮೈದ ನಿಯಮ ಮಾಡಿದ್ದರಿಂದ ಅವಳ ಅನುಭವ ಆರು ದಿನಕ್ಕೆ ಇಳಿಯಿತು, ಸಂಬಳ ಅರ್ಧಕ್ಕೆ ಇಳಿಯಿತು. ಸಂಸ್ಥೆಗೆ ಸ್ವಂತ ಜಾಗ ಇರಲಿಲ್ಲವಾದ್ದರಿಂದ ಏಜೆನ್ಸಿಯಲ್ಲೇ ಒಂದು ಮೇಜು ಬಾಡಿಗೆಗೆ ಹಿಡಿದರು. ಕಿಟಕಿ ಪಕ್ಕದ್ದು. ಮೂರೂವರೆ ಹೊತ್ತಿಗೆ ಸಂಬಳದಕ್ಕ ತನ್ನ ಕುರ್ಚಿಯಲ್ಲಿ ಕೂತು ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಹಾಜರಿ ಪಟ್ಟಿಯನ್ನು ಮುಂದುವರಿಸಿದಳು. ಮನೆಗೆ ಹೋಗಿ ಹೇಳಿದಾಗ ಗಂಡ ಗಡಿಯಾರವನ್ನು ತಿರುಗಿಸಿ ನೋಡಿ, ಅದಕ್ಕೆ ಸೆಲ್ ಅವರೇ ಕೊಟ್ಟಿದ್ದಾರಾ ಎಂದು ಕೇಳಿದ. ಕೊಟ್ಟಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಬದುಕು ಹೇಗೋ ಸಾಗುತ್ತಿತ್ತು. ತಿಂಗಳ ಇಪ್ಪತ್ತೈದನೇ ತಾರೀಕು ಸುತ್ತೋಲೆ ಬಂತು.

"ಸಂಬಳ ಮಾಡುವವರು ತಮ್ಮ ನೆಂಟರಿಷ್ಟರ ಸಂಬಳವನ್ನು ಮಾಡತಕ್ಕದ್ದಲ್ಲ. ಸಂಬಂಧವಿದೆಯೇ ಇಲ್ಲವೇ ಎಂಬುದನ್ನು ಫೋನ್ ಸಂಭಾಷಣೆಗಳ ಆಧಾರದ ಮೇಲೆ ಮಾತ್ರ ನಿರ್ಧರಿಸಲಾಗುವುದು. ಸಂಬಂಧವಿಲ್ಲವೆಂದು ಸಾಬೀತಾದ ಕೂಡಲೇ ಸಂಬಳವನ್ನು ಬಿಡುಗಡೆ ಮಾಡಲಾಗುವುದು."

ಇದನ್ನು ಬರೆದವರು ಸಲಹೆಗಾರರು, ಜಾರಿಗೆ ತಂದವರು ಬಾಮೈದ. ಅವರಿಬ್ಬರೂ ಆಫೀಸಿನಲ್ಲಿ ಪರಸ್ಪರ 'ಸರ್' ಎಂದೇ ಕರೆದುಕೊಳ್ಳುತ್ತಿದ್ದುದರಿಂದ ಅವರ ನಡುವೆ ಯಾವ ಸಂಬಂಧವೂ ಕಂಡುಬರಲಿಲ್ಲ.

ಬಾಮೈದ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಾಗಿದ್ದ ಸಂಬಳದಕ್ಕನ ಒಂದು ತಿಂಗಳ ಫೋನ್ ಮಾತುಗಳನ್ನೆಲ್ಲ ಕೇಳಿದರು. ಫಲಿತಾಂಶ ಆಘಾತಕಾರಿಯಾಗಿತ್ತು. ಆಕೆ ನೂರ ಅರವತ್ತಮೂರು ಜನರನ್ನು ಅಣ್ಣ ಎಂದೂ, ನೂರ ನಾಲ್ಕು ಜನರನ್ನು ತಮ್ಮ ಎಂದೂ, ಎಪ್ಪತ್ತೊಂದು ಜನರನ್ನು ಅಕ್ಕ ಎಂದೂ, ಐವತ್ತೆಂಟು ಜನರನ್ನು ಅಮ್ಮ ಎಂದೂ, ಹದಿನೈದು ಜನರನ್ನು ತಂಗಿ ಎಂದೂ ಕರೆದಿದ್ದಳು. ಒಬ್ಬ ಹೆಣ್ಣುಮಗಳಿಗೆ ಐವತ್ತೆಂಟು ತಾಯಂದಿರಿರುವುದು ಅಪರೂಪವಾದರೂ ಅದು ಆಕೆಯ ಖಾಸಗಿ ವಿಷಯ, ಸಂಸ್ಥೆ ಅದರಲ್ಲಿ ತಲೆಹಾಕುವುದಿಲ್ಲ ಎಂದು ವರದಿ ಔದಾರ್ಯ ತೋರಿತು. ಒಟ್ಟು ನೆಂಟರು ನಾಲ್ಕುನೂರ ಹನ್ನೊಂದು. ಅವರ ಸಂಬಳ ಮಾಡುವಂತಿಲ್ಲ.

ಉಳಿದವನು ಒಬ್ಬ. ಔಷಧಿ ವ್ಯಾನಿನ ಡ್ರೈವರ್. ಅವನನ್ನು ಆಕೆ ಒಮ್ಮೆಯೂ ಯಾವ ಸಂಬಂಧವಾಚಕದಿಂದಲೂ ಕರೆದಿರಲಿಲ್ಲ. "ರೀ, ಬರ್ತಾ ಹಾಲು ತನ್ನಿ" ಎಂಬ ಒಂದೇ ಸಂಭಾಷಣೆ ಹದಿನೇಳು ಸಲ ಇತ್ತು. ಬಾಮೈದ ಅವನ ಹೆಸರಿನ ಮುಂದೆ 'ಹಾಲು ಸರಬರಾಜು, ಸಂಬಂಧವಿಲ್ಲ' ಎಂದು ಬರೆದರು. ಆ ತಿಂಗಳ ಕೊನೆಯ ದಿನ ಅವನೊಬ್ಬನ ಸಂಬಳವಾಯಿತು. ಮಾಡಬಹುದಾದ ಸಂಬಳಗಳಲ್ಲಿ ನೂರಕ್ಕೆ ನೂರರಷ್ಟು ಸಕಾಲದಲ್ಲಿ ಆಗಿವೆ ಎಂದು ಯಜಮಾನರು ನೋಟೀಸ್ ಬೋರ್ಡಿಗೆ ಹಾಕಿಸಿದರು. ಉಳಿದವರ ದುಡ್ಡು ಬ್ಯಾಂಕಿನಲ್ಲಿ ಮಲಗಿ ಮರಿ ಹಾಕತೊಡಗಿದ್ದರಿಂದ, ಬೇರೊಬ್ಬರನ್ನು ನೇಮಿಸುವ ಆತುರ ಅವರಿಗೆ ಕಾಣಲಿಲ್ಲ.

ಮರುದಿನ ಮೆಟ್ಟಿಲ ತುಂಬ ಜನ. ಹಾಸಿಗೆ ಅಂಗಡಿಯವನಿಗೆ ಬಾಗಿಲು ತೆರೆಯಲಾಗಲಿಲ್ಲ. ಜನ ಸಂಬಳದಕ್ಕನನ್ನು ಬೈಯಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು. ಬ್ಯಾಂಕ್ ಗೇಟಿನ ಕಾವಲುಗಾರ, ಹನ್ನೊಂದು ವರ್ಷದ ಪರಿಚಯದವನು, ಅವಳ ಗಂಡನಿಗೆ ಮಾತ್ರ ದುಡ್ಡು ಬಂದದ್ದು ನಿಜವೇ ಎಂದು ಮೆಲ್ಲಗೆ ಕೇಳಿ, ಅವಳು ಹೌದೆಂದ ಮೇಲೆ ಕೆಳಗಿಳಿದು ಹೋದ. ಆರು ಮಹಡಿಯ ಕಟ್ಟಡವೊಂದರ ಮೆಟ್ಟಿಲು ತೊಳೆಯುವ ಮುದುಕಿಯೊಬ್ಬಳಿದ್ದಳು. ಅವಳನ್ನು ಎಲ್ಲರೂ ಮೆಟ್ಟಿಲಮ್ಮ ಎನ್ನುತ್ತಿದ್ದರು. ಮೊಮ್ಮಗಳ ಕನ್ನಡಕ ಒಡೆದು ಮೂರು ವಾರವಾಯಿತು, ಮಗು ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಓದುತ್ತಿದೆ ಎಂದಷ್ಟೇ ಅವಳು ಹೇಳಿದಳು.

ಸಂಬಳದಕ್ಕ ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಬಾಡಿಗೆ ಕಟ್ಟಬೇಕು, ಮಗಳ ಫೀಸು ಕಟ್ಟಬೇಕು. ಅವಳ ಸ್ವಂತ ಸಂಬಳವೂ ತನಗೆ ತಾನೇ ಹತ್ತಿರದವಳು ಎಂಬ ಕಾರಣಕ್ಕೆ ನಿಂತಿತ್ತು. ಗಂಡನ ದುಡ್ಡೊಂದೇ ಆಧಾರ. ಆದರೂ ಎಲ್ಲರ ಮುಂದೆ ಕಳ್ಳಿಯ ಹಾಗೆ ಓಡಾಡುವುದು ತನ್ನ ಕೈಲಾಗದು, ನಿಜ ಹೇಳಿಬಿಡುತ್ತೇನೆ ಎಂದಳು. ಗಂಡ ಕೈ ತೊಳೆದು ಬಂದು, ನಿನಗೆ ಸರಿ ಕಂಡದ್ದು ಮಾಡು, ಹೇಗೂ ನಾನು ನಿನ್ನ ಗಂಡ ಹೌದಲ್ಲ ಎಂದ.

ಮರುದಿನ ಅವಳು ಬಾಮೈದನ ಮುಂದೆ ನಿಂತು, ಆ ಡ್ರೈವರ್ ತನ್ನ ಗಂಡನೆಂದೂ, ನಿಯಮ ಎಲ್ಲರಿಗೂ ಒಂದೇ ಆಗಬೇಕೆಂದೂ ಹೇಳಿದಳು. ಅವರು ಸಲಹೆಗಾರರನ್ನು ಕರೆಸಿದರು. ಸಲಹೆಗಾರರು ಕನ್ನಡಕ ಒರೆಸಿಕೊಂಡು ಯೋಚಿಸಿದರು.

"ಅಂದ್ರೆ ಅವರ ಸಂಬಳ ನಿಲ್ಲಿಸಿ ಅಂತ ನೀವೇ ಕೇಳ್ತಿದ್ದೀರಿ."

"ಹೌದು ಸರ್."

"ಗಂಡನಿಗೆ ಬರೋ ದುಡ್ಡನ್ನ ಯಾವ ಹೆಂಡತಿಯಾದ್ರೂ ನಿಲ್ಲಿಸ್ತಾಳಾ?"

"ಸಾಮಾನ್ಯವಾಗಿ ನಿಲ್ಲಿಸಲ್ಲ ಸರ್, ಆದ್ರೆ..."

"ನೋಡಿ, ನಿಮ್ಮ ಬಾಯಿಂದಲೇ ಬಂತು. ಅವರು ನಿಮ್ಮ ಗಂಡ ಅಲ್ಲ," ಎಂದು ಸಲಹೆಗಾರರು ಮೃದುವಾಗಿ ಹೇಳಿ, ಕಡತದಲ್ಲಿ 'ಸಂಬಂಧವಿಲ್ಲ' ಎಂಬುದರ ಕೆಳಗೆ ಎರಡು ಗೆರೆ ಎಳೆದರು. ಅವಳು ಮದುವೆಯ ಫೋಟೋ ತಂದಿದ್ದಳು. ಫೋನ್ ಸಂಭಾಷಣೆಯಲ್ಲದ ಸಾಕ್ಷ್ಯವನ್ನು ಸ್ವೀಕರಿಸಲು ಅವಕಾಶವಿಲ್ಲವೆಂದು ಅದನ್ನು ಹಿಂದಿರುಗಿಸಲಾಯಿತು.

ಹತ್ತನೇ ದಿನ ಕಾವಲುಗಾರನ ಮನೆಗೆ ಬೀಗ ಬಿತ್ತು. ಮನೆ ಮಾಲೀಕ ಸಾಮಾನನ್ನೆಲ್ಲ ಓಣಿಯಲ್ಲಿಟ್ಟಿದ್ದ. ಹೆಂಡತಿ ಮಕ್ಕಳನ್ನು ಮಂಚದ ಮೇಲೆ ಕೂರಿಸಿ, ರಸ್ತೆಯಲ್ಲಿ ನಿಂತುಕೊಂಡೇ ಅವನು ಸಂಬಳದಕ್ಕನಿಗೆ ಫೋನ್ ಮಾಡಿದ. ಈ ಸಲ ಅಕ್ಕ ಎನ್ನಲಿಲ್ಲ. ಮನೆಹಾಳಿ ಎಂದ, ಮೂರು ಕಾಸಿನವಳೆಂದ, ನಿನ್ನ ಬಾಯಿಗೆ ಮಣ್ಣು ಬೀಳಲಿ ಎಂದ, ಕೊನೆಗೆ ದನಿ ಒಡೆದು ಫೋನಿಟ್ಟ. ಸಂಬಳದಕ್ಕ ರಿಸೀವರ್ ಹಿಡಿದುಕೊಂಡೇ ಕೂತಿದ್ದಳು. ಹೆಡ್‌ಫೋನ್ ಹಾಕಿಕೊಂಡಿದ್ದ ಬಾಮೈದ ತಲೆದೂಗಿ, 'ಸಂಬಂಧವಿಲ್ಲ' ಎಂದು ಮುದ್ರೆ ಒತ್ತಿದರು. ಅರ್ಧ ಗಂಟೆಯಲ್ಲಿ ಕಾವಲುಗಾರನ ಸಂಬಳ ಖಾತೆಗೆ ಬಂತು.

ಬೆಂಕಿಗೆ ಗಾಳಿ ಸಿಕ್ಕಂತೆ ಸುದ್ದಿ ಹರಡಿತು. ಬೈದರೆ ಸಂಬಳ. ಮಾರನೇ ದಿನ ಬೆಳಿಗ್ಗೆ ಒಂಬತ್ತರಿಂದ ಫೋನ್ ಬಾಯಿ ಮುಚ್ಚಲಿಲ್ಲ. ಡ್ರೈವರುಗಳಿಗೆ ಇದು ಸಲೀಸಾಯಿತು. ಆಸ್ಪತ್ರೆಯ ಆಯಾಗಳು ಬೇಗ ಕಲಿತರು. ಫೋನ್ ಎತ್ತುವ ಹುಡುಗಿಯರು ಮಾತ್ರ ಅಭ್ಯಾಸಬಲದಿಂದ "ನಮಸ್ಕಾರ, ನಿನ್ನ ವಂಶ ನಿರ್ವಂಶವಾಗಲಿ, ಧನ್ಯವಾದ" ಎಂದು ಮುಗಿಸುತ್ತಿದ್ದರು. ಧನ್ಯವಾದವನ್ನು ಬಾಮೈದ ಎರಡು ದಿನ ಆಕ್ಷೇಪಣೆಯಲ್ಲಿಟ್ಟು ಆಮೇಲೆ ಮನ್ನಾ ಮಾಡಿದರು. ಪ್ರತಿ ಬೈಗುಳಕ್ಕೂ ಆಲಿಸುವಿಕೆ ಶುಲ್ಕವೆಂದು ಬೈದವರ ಸಂಬಳದಿಂದಲೇ ಇಷ್ಟಿಷ್ಟು ಮುರಿದುಕೊಳ್ಳಲಾಯಿತು. ಸಂಬಳದಕ್ಕ ಒಂದೊಂದು ಶಾಪಕ್ಕೂ "ಆಯ್ತು ರೀ" ಎಂದು ಹೆಸರಿನ ಮುಂದೆ ಗುರುತು ಹಾಕುತ್ತ ಹೋದಳು. ಮಧ್ಯಾಹ್ನ ಬಿಡುವಾದಾಗ ಹೊರಗೆ ಹೋಗಿ, ತನ್ನ ಮೊಬೈಲಿನಿಂದ ತನ್ನದೇ ಮೇಜಿಗೆ ಫೋನ್ ಮಾಡಿ, ಯಾರೂ ಎತ್ತದ ಕರೆಗಳನ್ನು ರೆಕಾರ್ಡ್ ಮಾಡಿಕೊಳ್ಳುವ ಯಂತ್ರದೊಳಕ್ಕೆ ತನ್ನನ್ನೇ ಐದು ನಿಮಿಷ ಬೈದಳು. ಇದ್ದುದನ್ನೆಲ್ಲ ಹೇಳಿಕೊಂಡಳು. ಅವಳ ಸಂಬಳವೂ ಬಿಡುಗಡೆಯಾಯಿತು.

ಉಳಿದವಳು ಮೆಟ್ಟಿಲಮ್ಮ. ಅವಳಿಗೆ ಬೈಯಲು ಬರುತ್ತಿರಲಿಲ್ಲ. ಮೂರು ಸಲ ಫೋನ್ ಮಾಡಿ ಮೂರು ಸಲವೂ "ಹೇಗಿದೀಯಾ ಮಗಾ" ಎಂದು ಶುರುಮಾಡಿ ಕೆಲಸ ಕೆಡಿಸಿಕೊಂಡಿದ್ದಳು. ನಾಲ್ಕನೇ ಸಲ ಸಂಬಳದಕ್ಕ ಮಾತು ಹೇಳಿಕೊಡಲು ನೋಡಿದಳು.

"ರೀ, ನನ್ನನ್ನ ಕತ್ತೆ ಅನ್ನಿ."

"ಅಯ್ಯೋ, ನಿನ್ನನ್ನಾ? ಹೆಂಗನ್ನಲಿ ತಾಯಿ."

ಮುದ್ರೆ ಹಿಡಿದಿದ್ದ ಬಾಮೈದನ ಕೈ ಕೆಳಗಿಳಿಯಿತು. ಸಂಬಳದಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಮುದುಕಿಯ ಮೇಲೆ ಹರಿಹಾಯ್ದಳು. ಸಂಬಳಕ್ಕೆ ಗತಿಯಿಲ್ಲದ ನಿನಗೆ ಮೊಮ್ಮಗಳು ಯಾಕೆ ಎಂದಳು. ಕಣ್ಣು ಕಾಣದಿದ್ದರೆ ಅವಳೂ ನಿನ್ನ ಹಾಗೆ ಮೆಟ್ಟಿಲು ತೊಳೆಯಲಿ, ಅದಕ್ಕೆ ಕನ್ನಡಕ ಬೇಡ ಎಂದಳು.

"ನಿನ್ನ ನಾಲಿಗೆ ಸೇದಿಹೋಗ," ಎಂದಳು ಮೆಟ್ಟಿಲಮ್ಮ.

ಮುದ್ರೆ ಬಿತ್ತು. ಶನಿವಾರ ಮಗುವಿಗೆ ಹೊಸ ಕನ್ನಡಕ ಬಂತು. ಮೆಟ್ಟಿಲಮ್ಮ ಆಮೇಲೆ ದಾರಿಯಲ್ಲಿ ಸಿಕ್ಕರೂ ಸಂಬಳದಕ್ಕನನ್ನು ಮಾತಾಡಿಸಲಿಲ್ಲ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಮುಂದಿನ ತಿಂಗಳಿನಿಂದ ಇದೇ ಅಧಿಕೃತ ಪದ್ಧತಿಯಾಯಿತು. ಒಂದನೇ ತಾರೀಕಿನಿಂದ ಒಂಬತ್ತರವರೆಗೆ ಬೈಗುಳದ ಅವಧಿ, ತಲಾ ಎರಡು ನಿಮಿಷ. ಹಿಂದಿನ ತಿಂಗಳ ಬೈಗುಳ ಈ ತಿಂಗಳಿಗೆ ಸಲ್ಲುವುದಿಲ್ಲ. ಬರೆಯಲು ಓದಲು ಬಾರದವರಿಗೆ ನೆರವಾಗಲೆಂದು ಏಜೆನ್ಸಿ ನಲವತ್ತು ಬೈಗುಳಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಮಾರಿತು. ಹನ್ನೊಂದು ವರ್ಷ ಒಬ್ಬಳು ಹೆಂಗಸು ತಿಂಗಳ ಕೊನೆಗೆ ಮಾಡಿ ಮುಗಿಸುತ್ತಿದ್ದ ಕೆಲಸ ಈಗ ಮೂರು ಜನರಿಂದ ಹತ್ತನೇ ತಾರೀಕಿಗೆ ಮುಗಿಯುತ್ತಿದ್ದು, ಪೂರ್ತಿ ದಾಖಲೆ ಸಮೇತ ಇರುತ್ತಿತ್ತು. ಸಲಹೆಗಾರರಿಗೆ ದಕ್ಷತೆಯ ಪ್ರಶಸ್ತಿ ಬಂತು. ಸಂಬಳ ತಡವಾಯಿತೆಂದು ಯಾರೂ ದೂರಲಿಲ್ಲ. ದೂರಿದರೂ ಅದು ಬೈಗುಳದ ಲೆಕ್ಕಕ್ಕೆ ಸೇರಿ ಸಂಬಳವಾಗಿಬಿಡುತ್ತಿತ್ತು.

ವರ್ಷದ ಕೊನೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಚಪ್ಪಲಿ ಅಂಗಡಿಯಲ್ಲಿ ಬಿಲ್ ಹಾಕುವವಳು, ಮೊದಲ ಸಲ ಫೋನ್ ಮಾಡಿದಳು.

"ಅಕ್ಕಾ, ನನ್ನ ಸಂಬಳ..."

ಸಂಬಳದಕ್ಕ ತಟ್ಟನೆ ರಿಸೀವರಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು. ಪಕ್ಕದ ಮೇಜಿನವರು ಕೇಳಿಸಿಕೊಂಡು ತಲೆ ತಗ್ಗಿಸಿದ್ದರು. ಅವಳ ಮುಖ ಕೆಂಪಾಯಿತು.

"ನೋಡ್ರೀ, ಮನೇಲಿ ಹೇಗಾದ್ರೂ ಮಾತಾಡ್ಕೊಳ್ಳಿ. ಇದು ನಾಲ್ಕು ಜನ ಮರ್ಯಾದಸ್ಥರು ಕೆಲಸ ಮಾಡೋ ಜಾಗ. ಇಂಥ ಹೊಲಸು ಮಾತೆಲ್ಲ ಇಲ್ಲಿ ಆಡಬಾರದು."

ಹುಡುಗಿ ಹೆದರಿ ಕ್ಷಮೆ ಕೇಳಿದಳು. ಚೀಟಿ ಹುಡುಕುವ ಸರಸರ ಸದ್ದು ಕೇಳಿಸಿತು.

"ಲೇ ದರಿದ್ರದವಳೇ," ಎಂದಳು.

"ಹಾಂ, ಈಗ ಹೇಳಿ," ಎಂದು ಸಂಬಳದಕ್ಕ ಪೆನ್ನು ಕೈಗೆತ್ತಿಕೊಂಡಳು.