ಬಾಳೆ ಕಡಿಯುವ ವಿಚಾರವಾಗಿ ‘ಒಂದು ವೇಳೆ’ ಸಾಹೇಬರಿಗೆ

ಶ್ರೀಮಾನ್ ‘ಒಂದು ವೇಳೆ’ ಸಾಹೇಬರು,
ಮುಖ್ಯ ಅನುಮಾನಾಧಿಕಾರಿಗಳು,
ನನ್ನ ಎಡಗಿವಿಯ ಹಿಂಭಾಗ,
ಕಿದ್ವಾಯಿ ನಗರ, ನವದೆಹಲಿ.

ಮಾನ್ಯರೇ,

ತಮಗೆ ಚರಣಗಳಿವೆಯೋ ಇಲ್ಲವೋ ನಾನರಿಯೆ. ಆದರೂ ದಿನವಿಡೀ ನನ್ನ ತಲೆಯೊಳಗೆ ಓಡಾಡುವ ಸದ್ದು ಕೇಳುವುದರಿಂದ ಇವೆಯೆಂದೇ ನಂಬಿ, ಆ ಚರಣಗಳಿಗೆ ಸಾಷ್ಟಾಂಗ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾನು ಕ್ಷೇಮ. ಈ ವಾಕ್ಯ ಮುಗಿಯುವುದರೊಳಗೇ ತಾವು “ಒಂದು ವೇಳೆ ಕ್ಷೇಮ ಇಲ್ಲದಿದ್ದರೆ?” ಎಂದು ವಿಚಾರಿಸಿಕೊಂಡಿದ್ದೀರಿ. ಇಷ್ಟು ಕಾಳಜಿಯನ್ನು ಹೆತ್ತ ತಾಯಿಯೂ ತೋರಿಸಿದವರಲ್ಲ.

ತಾವು ನನ್ನಲ್ಲಿ ಸೇವೆಗೆ ಸೇರಿದ್ದು ಸಣ್ಣ ಹುದ್ದೆಗೆ. ಗ್ಯಾಸ್ ಆರಿಸಿದೆಯಾ, ಬಾಗಿಲಿಗೆ ಬೀಗ ಬಿದ್ದಿದೆಯಾ, ಗೀಸರ್ ಉರಿಯುತ್ತಿದೆಯಾ ಎಂದು ನನ್ನನ್ನು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಕಳಿಸುವ ಗುಮಾಸ್ತೆ ಕೆಲಸ. ಡಾಕ್ಟರು ತಮ್ಮ ಇಲಾಖೆಗೆ ಒಸಿಡಿ ಎಂಬ ಗೀಳಿನ ಹೆಸರಿದೆ ಎಂದು ತಿಳಿಸಿದ ಮೇಲೆ ಕಾಲೋನಿಯವರೆಲ್ಲ ಅದನ್ನು ಶುಚಿತ್ವದ ಹುಚ್ಚು ಎಂದುಕೊಂಡು ನನ್ನ ಕೋಣೆಯನ್ನು ನೋಡಲು ಬಂದರು. ಬಂದವರೆಲ್ಲ ಬಹಳ ನಿರಾಶರಾಗಿ ಹಿಂದಿರುಗಿದರು. ಒಬ್ಬ ಆಂಟಿಯಂತೂ “ಬೇಟಾ, ಡಾಕ್ಟರ್ ಬದಲ್ ಲೋ” ಎಂದೇ ಹೇಳಿ ಹೋದರು.

ಕಳೆದ ಚಳಿಗಾಲದಲ್ಲಿ ತಮಗೆ ಬಡ್ತಿ ದೊರೆಯಿತು. ನಾನು ಟೊಮೆಟೊ ಹೆಚ್ಚುತ್ತಿದ್ದೆ, ಅಮ್ಮ ಪಕ್ಕದಲ್ಲಿ ನಿಂತು ಸಾರಿಗೆ ಉಪ್ಪು ಹಾಕುತ್ತಿದ್ದರು, ತಾವು ಮೆಲ್ಲನೆ ಬಂದು “ಒಂದು ವೇಳೆ ಈ ಚಾಕು ಆ ಕಡೆ ತಿರುಗಿದರೆ?” ಎಂದಿರಿ. ಸಾಹೇಬರೇ, ಜಿರಳೆ ಕಂಡರೆ ಮಂಚ ಹತ್ತುವ ನನ್ನಲ್ಲಿ ಅಂಥ ಪರಾಕ್ರಮವನ್ನು ಗುರುತಿಸಿದವರು ಇಡೀ ದೆಹಲಿಯಲ್ಲಿ ತಾವೊಬ್ಬರೇ. ಅಂದಿನಿಂದ ನಮ್ಮ ಮನೆಯ ಚಾಕುಗಳು ಬೀರುವಿನ ಮೇಲೆ ಸೂಟ್‌ಕೇಸುಗಳ ಹಿಂದೆ ವಾಸವಾಗಿವೆ, ತರಕಾರಿ ಭಯ್ಯಾ ನನ್ನ ಕುಂಬಳಕಾಯಿಯನ್ನು ಹೆಚ್ಚಿಕೊಟ್ಟೇ ಕಳಿಸುತ್ತಾನೆ, ಅಮ್ಮ ನನ್ನನ್ನು ಸೋಮಾರಿ ಎಂದು ಕರೆಯುತ್ತಾರೆ. ಮೆಟ್ರೋದಲ್ಲಿ ಚೀಲ ತಪಾಸಣೆ ಮಾಡುವ ಯಂತ್ರ ಸಣ್ಣ ಕತ್ತರಿಯನ್ನೂ ಹಿಡಿಯುತ್ತದೆ. ತಮ್ಮನ್ನು ಮಾತ್ರ ಸೆಲ್ಯೂಟ್ ಹೊಡೆದು ಒಳಗೆ ಬಿಡುತ್ತದೆ. ತಮ್ಮ ಪ್ರಭಾವ ಅಂಥದ್ದು.

ತಮ್ಮ ವಿಷಯದಲ್ಲಿ ನನಗೆ ತರಬೇತಿ ಕೊಡುತ್ತಿರುವ ಕೌನ್ಸೆಲರ್ ಪದ್ಮಾ ಮೇಡಂ ಅವರು ತಮ್ಮೊಂದಿಗೆ ವಾದಿಸಕೂಡದೆಂದೂ, ಓಡಿಸಲು ಹೋಗಕೂಡದೆಂದೂ ಕಟ್ಟಪ್ಪಣೆ ಮಾಡಿದ್ದಾರೆ. “ಬಸ್ಸಲ್ಲಿ ಪಕ್ಕದವನು ಫೋನ್ ಜೋರಾಗಿ ಹಾಕ್ಕೊಂಡು ಕೂತಿರ್ತಾನಲ್ಲ, ಹಾಗೆ ಅಂದ್ಕೊ. ಅವನು ಹಾಕ್ಕೊಳ್ಳಲಿ. ನಿನ್ನ ಸ್ಟಾಪ್ ಬಂದಾಗ ನೀನು ಇಳಿ” ಎಂಬುದು ಅವರ ಮಾತು. ತಮ್ಮಂಥ ಹಿರಿಯ ಅಧಿಕಾರಿಯನ್ನು ಬಸ್ಸಿನ ಪಕ್ಕದ ಸೀಟಿಗೆ ಇಳಿಸಿದ್ದಕ್ಕೆ ನಾನು ಅಲ್ಲೇ ಪ್ರತಿಭಟಿಸಬೇಕಾಗಿತ್ತು. ನಗು ಬಂದುಬಿಟ್ಟಿತು, ಕ್ಷಮಿಸಿ.

ಈಗ ದೂರಿಗೆ ಬರುತ್ತೇನೆ. ನಮ್ಮ ಬೋಜಮ್ಮ ಅಕ್ಕನ ಮದುವೆ ನಿಶ್ಚಯವಾಯಿತು. ನಾವು ಕೊಡಗಿನವರು, ನಮ್ಮ ಮದುವೆಯಲ್ಲಿ ನಿಲ್ಲಿಸಿದ ಬಾಳೆದಿಂಡನ್ನು ಅಗಲ ಅಲಗಿನ ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುವುದು ದೊಡ್ಡ ಮರ್ಯಾದೆ. ಅದು ಸೋದರಮಾವನಿಗೆ ಸಲ್ಲಬೇಕಾದದ್ದು. ಆದರೆ ಫರೀದಾಬಾದಿನಲ್ಲಿರುವ ಉತ್ತಯ್ಯ ಮಾವ, ಸೈನ್ಯದಲ್ಲಿ ಇಡೀ ಆಯುಷ್ಯ ಏನೂ ಆಗದೆ ಬಂದವರು, ನಿವೃತ್ತರಾಗಿ ಫ್ಯಾನ್ ಒರೆಸಲು ಹೋಗಿ ಭುಜ ಮುರಿದುಕೊಂಡರು. “ಚಲೋ, ತನ್ಮಯ್ ಕಡೀಲಿ” ಎಂದು ಅವರು ಆಜ್ಞೆ ಹೊರಡಿಸಿದ ಕ್ಷಣ ತಾವು ನನ್ನ ತಲೆಯಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ತಮ್ಮ ಗೌರವ ಕಾಪಾಡಲು ನಾನು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಉಳುಕಿದೆ ಎಂದು ಸಾರಿದೆ. ಅಕ್ಕ ನೋಡಿದಳು. “ನಿನ್ನೆ ಬಲಗೈಯಲ್ಲಿತ್ತು, ಇವತ್ತು ಎಡಗೈಗೆ ಬಂದಿದೆ. ನೋವು ಮೆಟ್ರೋ ಬದಲಾಯಿಸ್ತಾ?” ಎಂದಳು. ಅನ್ಯಮಾರ್ಗವಿಲ್ಲದೆ ತಮ್ಮ ಅಸ್ತಿತ್ವವನ್ನು ಒಪ್ಪಿಕೊಂಡೆ. ಅವಳು ಹೆದರಬಹುದು, ಅಳಬಹುದು, ನನ್ನಿಂದ ಸ್ವಲ್ಪ ದೂರ ಸರಿದು ಕೂರಬಹುದು ಎಂದೆಲ್ಲ ತಾವು ಮೊದಲೇ ಪಟ್ಟಿ ಒಪ್ಪಿಸಿದ್ದಿರಿ. ಅವಳು ಹತ್ತಿರ ಬಂದು, “ನನ್ನ ಗೊಂಬೆ ತಲೆ ಕಿತ್ತಾಗ ಯಾವ ಸಾಹೇಬನೂ ಬರ್ಲಿಲ್ವಾ ನಿಂಗೆ?” ಎಂದು ತಲೆಗೊಂದು ಮೊಟಕಿ, “ನೀನು ಕಡೀಲಿಲ್ಲ ಅಂದ್ರೆ ಬಾಳೆ ಹಾಗೇ ನಿಂತಿರುತ್ತೆ. ಬೇರೆ ಯಾರ ಕೈಗೂ ಕತ್ತಿ ಕೊಡೋಕೆ ನಾನು ಬಿಡಲ್ಲ” ಎಂದು ಹೇಳಿ ಬ್ಲೌಸ್ ಅಳತೆಗೆ ಹೊರಟುಹೋದಳು.

ಮದುವೆಯ ದಿನ ತಾವು ತೋರಿದ ಕಾರ್ಯತತ್ಪರತೆಯನ್ನು ಎಷ್ಟು ಹೊಗಳಿದರೂ ಸಾಲದು. ನಾನು ಕಪ್ಪು ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ವಾಲಗದವರು ಸಿಗದೆ ಕರೋಲ್ ಬಾಗಿನಿಂದ ಕರೆಸಿದ ಬ್ಯಾಂಡಿನವರು ಭಾಂಗ್ಡಾ ಬಾರಿಸುತ್ತಿರುವಾಗ ಕತ್ತಿ ಹಿಡಿದು ಬಂದೆ. ಒಂದು ವೇಳೆ ಮಾವನಿಗೆ ತಗುಲಿದರೆ, ಒಂದು ವೇಳೆ ಫೋಟೋದವನಿಗೆ, ಒಂದು ವೇಳೆ ಬಿಳಿ ಕುಪ್ಯದಲ್ಲಿ ಮಿಂಚುತ್ತಿರುವ ಮದುಮಗ ಕ್ಯಾಪ್ಟನ್ ಮಾಚಯ್ಯ ಭಾವನಿಗೇ ತಗುಲಿದರೆ ಎಂದು ತಾವು ಪನೀರ್ ಕೌಂಟರಿನವನ ತನಕ ಯಾರನ್ನೂ ಬಿಡಲಿಲ್ಲ. ಆದರೂ ಬೀಸಿದೆ.

ಠಣ್ ಎಂದಿತು.

ಬಾಳೆ ಅಲ್ಲಾಡಲಿಲ್ಲ. ಬ್ಯಾಂಡು ನಿಂತಿತು. ಅಷ್ಟರಲ್ಲಿ ಟೆಂಟಿನ ಭಯ್ಯಾ ಹೆಮ್ಮೆಯಿಂದ ಮುಂದೆ ಬಂದು, “ಮಜಬೂತ್ ಹೈ ನಾ? ಅಂದರ್ ಸರಿಯಾ ಡಾಲಾ ಹೈ!” ಎಂದ. ಮದುವೆ ಹಾಲ್‌ನ ನೆಲ ಮಾರ್ಬಲ್ಲಿನದು, ನೆಡಲು ಮಣ್ಣಿಲ್ಲ. ಅಲಂಕಾರದ ಬಾಳೆ ಬೀಳಬಾರದೆಂದು ಆ ಪುಣ್ಯಾತ್ಮ ಒಳಗೆ ಕಬ್ಬಿಣದ ಸರಳು ತೂರಿಸಿದ್ದ. ಸಾಹೇಬರೇ, ಇಷ್ಟೊಂದು ಅನಾಹುತಗಳನ್ನು ಕಂಡ ತಮ್ಮ ದಿವ್ಯದೃಷ್ಟಿಗೆ ಆ ಸರಳೊಂದು ಕಾಣಲಿಲ್ಲವೇ? ಕಡಿಯಬಾರದ್ದನ್ನು ಕಡಿದುಬಿಡುತ್ತೇನೆಂದು ತಿಂಗಳುಗಟ್ಟಲೆ ಹೆದರಿಸಿದಿರಿ. ಕಡಿಯಬೇಕಾದ್ದೇ ಕಡಿಯದೆ ಹೋಗಬಹುದೆಂದು ಒಂದು ಮಾತು ಹೇಳಲಿಲ್ಲ!

ಸರಳು ತೆಗೆದರೆ ದಿಂಡು ನಿಲ್ಲುವುದಿಲ್ಲ. ಆಗ ಮಾಚಯ್ಯ ಭಾವ ಸರಳು ಕೀಳಿಸಿ, ಬಿಳಿ ಕುಪ್ಯದಲ್ಲೇ ಮೊಣಕಾಲೂರಿ ದಿಂಡಿನ ಬುಡವನ್ನು ಎರಡೂ ಕೈಯಿಂದ ಹಿಡಿದುಕೊಂಡರು. “ಹೊಡಿ. ನಿನ್ನ ಸಾಹೇಬರ ವಿಷಯ ಬೋಜಮ್ಮ ಹೇಳಿದ್ದಾಳೆ. ಗ್ರೆನೇಡ್ ಕೈಯಲ್ಲಿ ಹಿಡ್ಕೊಂಡು ‘ಸರ್, ಈಗ ಏನ್ ಮಾಡ್ಲಿ’ ಅಂತ ಕೇಳೋ ಹುಡುಗರ ಪಕ್ಕ ನಿಂತಿದ್ದೀನಿ ನಾನು. ನೀನೇನು ಮಹಾ” ಎಂದರು. ತಾವು ನನ್ನ ಕಿವಿಯಲ್ಲಿ ಸೈರನ್ ಊದುತ್ತಿದ್ದಿರಿ. ಅಕ್ಕ ಮಾತ್ರ ನಾನು ಬಾಳೆಯನ್ನಲ್ಲ, ಬೆಣ್ಣೆಯನ್ನು ಕಡಿಯುತ್ತಿದ್ದೇನೆ ಎಂಬಂತೆ ಆಕಳಿಸಿದಳು. “ತಗುಲಬಹುದು ಸಾಹೇಬರೇ, ತಗುಲದೆಯೂ ಇರಬಹುದು, ನನ್ನ ಸ್ಟಾಪ್ ಬಂತು” ಎಂದು ಮನಸ್ಸಿನಲ್ಲೇ ವಿನಯದಿಂದ ಅರಿಕೆ ಮಾಡಿಕೊಂಡು ಕತ್ತಿ ಬೀಸಿದೆ. ದಿಂಡು ಎರಡಾಯಿತು. ಭಾವ ಒಂದೇ ಆಗಿ ಉಳಿದರು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ: ನನ್ನನ್ನು ಬಿಟ್ಟುಹೋಗಿ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ಇಂದು ಬೆಳಿಗ್ಗೆ ಬೀರುವಿನ ಮೇಲಿಂದ ಚಾಕು ಇಳಿಸಿ ಈರುಳ್ಳಿ ಹೆಚ್ಚುವಾಗಲೂ ತಾವು ತಪ್ಪದೆ ಹಾಜರಿದ್ದಿರಿ, ಸಂತೋಷ. ಬರುವುದೇ ಆದರೆ ದಯಮಾಡಿ ವೈವಿಧ್ಯ ತೋರಿಸಿ. “ಒಂದು ವೇಳೆ ಜೂನ್ ತಿಂಗಳಲ್ಲಿ ಕರೆಂಟು ಹೋಗದೆ ಇದ್ದರೆ?”, “ಒಂದು ವೇಳೆ ಆಟೋದವನು ಕರೆದ ಕಡೆ ಬಂದರೆ?” ಎಂಬಂಥ ಯೋಚನೆಗಳನ್ನು ಒಮ್ಮೆಯಾದರೂ ದಯಪಾಲಿಸಬೇಕು. ಅದಾಗದಿದ್ದರೆ, ಬರುವಾಗ ಕೈಬೀಸಿಕೊಂಡು ಬರದೆ ಈರುಳ್ಳಿಯ ಸಿಪ್ಪೆಯನ್ನಾದರೂ ಸುಲಿದುಕೊಡಬೇಕು.

ತಮ್ಮ ಮಾತೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ,
ತಮ್ಮ ವಿಶ್ವಾಸಿ,
ತನ್ಮಯ್

ತಾ.ಕ.: ಏಟಿಗೆ ಬಾಳೆಯ ರಸ ಚಿಮ್ಮಿ ಭಾವನ ಬಿಳಿ ಕುಪ್ಯದ ಎದೆಯ ಮೇಲೆ ದೊಡ್ಡ ಕಲೆಯಾಗಿದೆ, ಯಾವ ಡ್ರೈ ಕ್ಲೀನರ್ ಕೈಯಲ್ಲೂ ಹೋಗುತ್ತಿಲ್ಲ. ಇದನ್ನೂ ತಾವು ಮುಂಚಿತವಾಗಿ ತಿಳಿಸಿರಲಿಲ್ಲ. ಇಷ್ಟು ಅನುಭವವಿದ್ದೂ ಒಂದು ಭವಿಷ್ಯವಾದರೂ ಸರಿಯಾಗದಿದ್ದರೆ ಮುಂದಿನ ಬಡ್ತಿಗೆ ತೊಂದರೆಯಾದೀತು. ಹಾಂ, ಈ ಪತ್ರವನ್ನು ಕಳಿಸುವ ಮುನ್ನ ಇನ್ನೊಮ್ಮೆ ಓದು, ಮತ್ತೊಮ್ಮೆ ಓದು ಎಂದು ತಾವು ಈಗ ಪೀಡಿಸುತ್ತಿದ್ದೀರಿ. ಓದುವುದಿಲ್ಲ. ತಾವೇ ಓದಿಕೊಳ್ಳಿ, ನನಗೆ ಸಲಾಡಿಗೆ ಸೌತೆಕಾಯಿ ಹೆಚ್ಚುವುದಿದೆ.