ಗಿರಿಯಮ್ಮನ ಹಿಟ್ಟಿನಲ್ಲಿ ರಬ್ಬರ್ ಟೊಪ್ಪಿ

"ಮೂವತ್ತೆರಡು ವರ್ಷದಿಂದ ಹತ್ತು ಎಚ್‌ಪಿ ಗಿರಣೀನ ಹಿಡಿತದಲ್ಲಿ ಇಟ್ಕೊಂಡಿರೋನು ನಾನು! ಕಡಲೆಕಾಳಿನಷ್ಟಿರೋ ಈ ಯಂತ್ರ ನನ್ನೆದುರು ಎಂತ ಲೆಕ್ಕ? ಮೂರೇ ದಿನ! ಅಷ್ಟರಲ್ಲಿ ಪಳಗಿಸದಿದ್ರೆ ನನ್ನ ಹೆಸರು ವೃಷಭೇಂದ್ರಪ್ಪ ಅಲ್ಲ!"

ಬಾಳಗಡಿಯ ಹಳೇ ಹಿಟ್ಟಿನ ಗಿರಣಿಯ ಏಕಮೇವಾದ್ವಿತೀಯ ಮಾಲೀಕರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ, ಅವರ ಹೆಂಡತಿ ಕಲ್ಲಮ್ಮ ರೊಟ್ಟಿ ತಟ್ಟುವುದನ್ನೇನೂ ನಿಲ್ಲಿಸಲಿಲ್ಲ.

"ಹೆಸರು ಬದಲಾಯಿಸೋದಾದ್ರೆ ಸ್ವಲ್ಪ ಚಿಕ್ಕದು ಇಟ್ಕೊಳ್ಳಿ ಮಾರಾಯ್ರೇ. ರೇಷನ್ ಕಾರ್ಡಲ್ಲಿ ಈಗಿರೋದು ಹಿಡಿಸ್ತಾ ಇಲ್ಲ."

ಆ ಕಡಲೆಕಾಳಿನಷ್ಟಿದ್ದದ್ದು ಇಯರ್‌ಫೋನು. ಕಿವಿಯ ಒಳಗೇ ಹೋಗಿ ಕೂರುವ ಜಾತಿಯದ್ದು, ವೈರಿಲ್ಲದ್ದು. ಅಪ್ಪ ಫೋನಿನಲ್ಲಿ ವಚನ ಹಚ್ಚಿದರೆ ಇಡೀ ಬೀದಿ ಕೇಳಲೇಬೇಕಾಗುತ್ತದೆಂದು ಮಗಳು ನಿಶ್ಚಿತಾ ತಂದುಕೊಟ್ಟದ್ದು. ಡಬ್ಬಿಯಲ್ಲಿ ಕಿವಿಗೆ ತಕ್ಕ ಹಾಗೆ ಹಾಕಿಕೊಳ್ಳಲು ಕಪ್ಪು ರಬ್ಬರಿನ ಪುಟ್ಟ ಟೊಪ್ಪಿಗಳಿದ್ದವು: ಸಣ್ಣದು, ನಡುವಿನದು, ದೊಡ್ಡದು. ವೃಷಭೇಂದ್ರಪ್ಪನವರು ಯೋಚಿಸದೆ ದೊಡ್ಡದನ್ನೇ ಎತ್ತಿಕೊಂಡರು.

"ಅಪ್ಪ, ಮೊದಲು ನಡುವಿಂದು ಹಾಕಿ ನೋಡಿ."

"ನಮ್ಮ ವಂಶದಲ್ಲಿ ಯಾರದ್ದೂ ನಡುವಿನ ಕಿವಿ ಅಲ್ಲ ಮಗಳೇ!"

ತಿರುಚಿ, ಒತ್ತಿ, ಬಾಯಿ ಸೊಟ್ಟ ಮಾಡಿ ಅಂತೂ ತೂರಿಸಿದರು. ಪ್ರಪಂಚ ಒಮ್ಮೆಲೇ ಬಾಗಿಲು ಹಾಕಿಕೊಂಡಿತು. ವಚನ ಶುರುವಾಯಿತು. ಎರಡು ಸಾಲಿನ ನಡುವೆ ಹಾಡುವಾಕೆ ಉಸಿರೆಳೆದುಕೊಂಡದ್ದು ಕೇಳಿಸಿದಾಗ ಅವರು ಬೆಚ್ಚಿ ಹಿಂದೆ ತಿರುಗಿ ನೋಡಿದರು. ಇಷ್ಟು ವರ್ಷ ಇದೇ ಹಾಡು ಕೇಳಿದ್ದಾರೆ, ಆಕೆಗೂ ಉಸಿರು ಬೇಕೆಂಬುದು ಈವರೆಗೆ ಗೊತ್ತೇ ಇರಲಿಲ್ಲ! ಅವರಿಗೆ ನಿಜವಾಗಿಯೂ ತುಂಬ ಸಂತೋಷವಾಯಿತು.

ಅದಕ್ಕಿಂತ ಸೋಜಿಗದ ಸಂಗತಿ ಹಾಡು ನಿಂತ ಮೇಲೆ ಗೊತ್ತಾಯಿತು. ಇಯರ್‌ಫೋನು ಕಿವಿಯಲ್ಲಿರುವಾಗಲೇ ಒಂದು ಚೂರು ರೊಟ್ಟಿ ಬಾಯಿಗಿಟ್ಟರು. ತಲೆಯೊಳಗೆ ಗಿರಣಿ ಓಡಿತು! ನೀರು ಕುಡಿದರೆ ತುಂಗೆಯೇ ಗಂಟಲಲ್ಲಿ ಇಳಿದ ಹಾಗೆ. ನಡೆದರೆ ಒಳಗಿನಿಂದ ಧಬ್ ಧಬ್. ಕೆಮ್ಮಿದರಂತೂ ಗರ್ನಾಲು ಸಿಡಿದ ಹಾಗೆ! ನನ್ನೊಬ್ಬನೊಳಗೆ ಇಷ್ಟೊಂದು ಸದ್ದಿದೆಯೇ ಎಂದು ಅವರು ಕೊಬ್ಬರಿ, ಅವಲಕ್ಕಿ, ಬೆಲ್ಲ ಒಂದೊಂದಾಗಿ ಅಗಿದು ಪರೀಕ್ಷಿಸಿದರು. ಸಂಶೋಧನೆಗೆ ಅಡುಗೆಮನೆಯ ಅರ್ಧ ದಾಸ್ತಾನು ಖರ್ಚಾಯಿತು.

ಮೂರು ದಿನ ಕಳೆದರೂ ಕಿವಿ ಮಾತ್ರ ಒಗ್ಗಲಿಲ್ಲ. ತುರಿಸುತ್ತಿತ್ತು, ನೋಯುತ್ತಿತ್ತು, ಆಕಳಿಸಿದರೆ ಹೊರಗೆ ಹಾರುತ್ತಿತ್ತು.

"ಒಂದು ವಾರ ಬೇಕು ಅಪ್ಪ" ಎಂದಳು ನಿಶ್ಚಿತಾ. "ಕಿವಿಯಲ್ಲಿ ಎಂತದೋ ಇದೆ ಅನ್ನೋದೇ ಮರ್ತು ಹೋಗ್ಬೇಕು. ಆಗ ಒಗ್ಗಿತು ಅಂತ ಅರ್ಥ."

"ಎಲ್ಲಾದ್ರೂ ಹಾಕ್ಕೊಳ್ಳಿ, ಗಿರಣಿಯಲ್ಲಿ ಮಾತ್ರ ಬೇಡ" ಎಂದು ಕಲ್ಲಮ್ಮ ಕಟ್ಟಪ್ಪಣೆ ಮಾಡಿದರು. ಅದಕ್ಕೆ ಕಾರಣವಿತ್ತು. ವೃಷಭೇಂದ್ರಪ್ಪನವರ ಕಿವಿಯೇ ಆ ಗಿರಣಿಯ ಬಂಡವಾಳ. ಕಲ್ಲು ತಿರುಗುವ ಸದ್ದಿನಿಂದಲೇ ಹಿಟ್ಟು ನುಣ್ಣಗಿದೆಯೋ ತರಿಯಾಗಿದೆಯೋ ಹೇಳುತ್ತಿದ್ದರು. ಆ ಗದ್ದಲದಲ್ಲಿ ಮಾತು ನಡೆಯದ ಕಾರಣ ಗಂಡ ಹೆಂಡತಿ ಕೈಸನ್ನೆಯಲ್ಲೇ ಸಂಸಾರ ಮಾಡಿದವರು. ಮುಷ್ಟಿ ತೋರಿಸಿದರೆ ಕಲ್ಲು ಬಿಗಿ ಮಾಡು, ಅಂಗೈ ತೋರಿಸಿದರೆ ಸಡಿಲಿಸು. ಕಿವಿ ಮುಟ್ಟಿದರೆ ಸದ್ದು ಬದಲಾಗಿದೆ, ಬಂದು ನೋಡು!

ಆದರೆ ಕುತೂಹಲ ಎಂಬುದು ಯಾರಪ್ಪಣೆ ಕೇಳೀತು? ಕಿವಿ ಮುಚ್ಚಿಕೊಂಡರೆ ಗಿರಣಿ ಹೇಗೆ ಕೇಳಿಸಬಹುದು? ನಾಲ್ಕನೇ ದಿನ ಬೆಳಿಗ್ಗೆ ಕಲ್ಲಮ್ಮ ಒಳಗಿದ್ದಾಗ ಮೆಲ್ಲಗೆ ಎರಡನ್ನೂ ತೂರಿಸಿಕೊಂಡರು.

ಆಗ ಗಿರಣಿಯಲ್ಲಿ ಬೀಸುತ್ತಿದ್ದದ್ದು ಹಿರೇಕೊಡಿಗೆಯ ಗಿರಿಯಮ್ಮನ ಅಕ್ಕಿ. ಮಗನಿಗೆ ಹೆಣ್ಣು ಕೊಡುವವರು ಅಂದು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು, ಅದಕ್ಕೇ ರೊಟ್ಟಿಯ ಹಿಟ್ಟು. ಗಿರಿಯಮ್ಮ ಒಂದು ಮಾತಾಡಿದರೆ ಹಿರೇಕೊಡಿಗೆಯಲ್ಲಿ ಅದು ಸಂಜೆಯೊಳಗೆ ಎಲ್ಲರ ಮಾತಾಗುತ್ತಿತ್ತು. ವೃಷಭೇಂದ್ರಪ್ಪನವರು ಡಬ್ಬದ ಮೇಲೆ ಬಗ್ಗಿ, ಬೀಳುತ್ತಿದ್ದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಹಾ! ಸದ್ದು ದೂರ ಹೋಗಿತ್ತು, ಕಲ್ಲಿನ ನಡುಕ ಮಾತ್ರ ಹಲ್ಲಿನ ಮೂಲಕ ಕೇಳಿಸುತ್ತಿತ್ತು. ಹಲ್ಲಿಗೂ ಕಿವಿಯಿದೆಯಲ್ಲ! ಅಷ್ಟರಲ್ಲಿ ಕಲ್ಲಮ್ಮನ ನೆರಳು ಕಂಡಿತು. ಸರಕ್ಕನೆ ಎರಡನ್ನೂ ಕಿತ್ತು, ನೋಡದೆಯೇ ಡಬ್ಬಿಗೆ ಹಾಕಿ, ಡಬ್ಬಿಯನ್ನು ಜೇಬಿಗಿಳಿಸಿದರು.

ಗಿರಿಯಮ್ಮ ಹಿಟ್ಟು ಹೊತ್ತು ಬಸ್ಸು ಹತ್ತಿದರು. ಗಿರಣಿ ನಿಂತಿತು. ಗಿರಣಿ ನಿಂತ ಮೇಲೆ ಕಿವಿ ಒಂದಷ್ಟು ಹೊತ್ತು ಗುಂಯ್ ಎನ್ನುವುದು ಮೂವತ್ತೆರಡು ವರ್ಷದ ಅಭ್ಯಾಸ, ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಡಬ್ಬಿ ತೆರೆದು ನೋಡಿದರೆ ಎಡಗಡೆಯ ಇಯರ್‌ಫೋನು ಬೋಳು! ಟೊಪ್ಪಿಯೇ ಇಲ್ಲ!

ಜೇಬು ಝಾಡಿಸಿದರು. ನೆಲ ಗುಡಿಸಿದರು. ಬೆಲ್ಟಿನ ಕೆಳಗೆ ಮಲಗಿ ನೋಡಿದರು. ಕಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹಾಕ್ಕೊಂಡು ಎಲ್ಲಿ ಬಗ್ಗಿದ್ರಿ?"

"ಎಲ್ಲೂ ಇಲ್ಲ... ಗಿರಿಯಮ್ಮನ ಡಬ್ಬದ ಮೇಲೆ ಒಂದೇ ಒಂದ್ಸಲ..."

ಇಬ್ಬರೂ ಮುಖ ಮುಖ ನೋಡಿಕೊಂಡರು. ಈ ಗಿರಣಿಯ ಹಿಟ್ಟಿನಲ್ಲಿ ಇಂದಿನವರೆಗೆ ಒಂದು ಕೂದಲು ಸಿಕ್ಕಿದ್ದಿಲ್ಲ! ಕರಿಬಸವಯ್ಯ ಬಸ್‌ ಸ್ಟ್ಯಾಂಡಿನ ಹತ್ತಿರ ಹೊಸ ಗಿರಣಿ ಇಟ್ಟು ಆರು ತಿಂಗಳಾದರೂ ಹಿರೇಕೊಡಿಗೆಯವರು ಇತ್ತ ಬರುತ್ತಿದ್ದದ್ದು ಅದಕ್ಕೇ. ಈಗ ಆ ಬೀಗರ ಹಲ್ಲಿಗೆ ರೊಟ್ಟಿಯಲ್ಲಿ ಕಪ್ಪು ರಬ್ಬರು ಸಿಕ್ಕಿದರೆ? ಮದುವೆ ಮುರಿಯುತ್ತದೋ ಇಲ್ಲವೋ, ಗಿರಣಿಯಂತೂ ಮುಳುಗುತ್ತದೆ!

ಗಿರಿಯಮ್ಮನಿಗೆ ಫೋನು ಹಚ್ಚಿ ಎಡಗಿವಿಗೆ ಇಟ್ಟುಕೊಂಡರು. ದೂರದಲ್ಲಿ ಇರುವೆ ಮಾತಾಡಿದಂತೆ ಎಂತದೋ ಕೇಳಿತು.

"ಹಲೋ! ಗಿರಿಯಮ್ಮಾ! ಹಲೋ! ... ಥತ್, ಈ ಹಿರೇಕೊಡಿಗೆಯಲ್ಲಿ ನೆಟ್‌ವರ್ಕೇ ಇಲ್ಲ!" ಎಂದು ಇಟ್ಟರು. "ಹೊರಡು ಮಾರಾಯ್ತಿ, ಜರಡಿ ತಗೋ!"

ಸ್ಕೂಟರ್ ಹೊರಟಿತು. ಮುಂದೆ ವೃಷಭೇಂದ್ರಪ್ಪನವರು, ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಜರಡಿ ಇಟ್ಟುಕೊಂಡ ಕಲ್ಲಮ್ಮ. ಬಾಳಗಡಿ ದಾಟುವ ಮೊದಲೇ ಬೈಗುಳ ಶುರುವಾಗಿತ್ತು. ಆದರೆ ಏನಾಶ್ಚರ್ಯ! ಎಡಗಿವಿಯ ಹಿಂದಿನಿಂದ ಬರುತ್ತಿದ್ದ ಆ ದನಿ ಎಷ್ಟು ಮೆತ್ತಗಿತ್ತು! ಜೋಗುಳದಂತಿತ್ತು! ಮದುವೆಯಾದಾಗಿನಿಂದ ಕಲ್ಲಮ್ಮ ಇಷ್ಟು ಮೃದುವಾಗಿ ಬೈದದ್ದೇ ಇಲ್ಲ. ಕಷ್ಟಕಾಲದಲ್ಲಿ ಹೆಂಡತಿ ಎಷ್ಟು ತಗ್ಗಿ ನಡೆಯುತ್ತಾಳೆ ಎಂದು ಅವರ ಕಣ್ಣು ಒದ್ದೆಯಾಯಿತು.

ಗಿರಿಯಮ್ಮನ ಮನೆಯಲ್ಲಿ ಬೀಗರು ಆಗಲೇ ಬಂದು ಕೂತಿದ್ದರು. ಗಿರಿಯಮ್ಮ ಬಿಸಿನೀರಿಗೆ ಹಿಟ್ಟು ಸುರಿಯಲು ಕೈಯೆತ್ತಿದ್ದರು.

"ನಿಲ್ಸಿ! ಆ ಹಿಟ್ಟು ಮುಟ್ಬೇಡಿ!"

ಮದುಮಗಳಾಗಬೇಕಿದ್ದ ಮೇಘನಳ ಅಪ್ಪ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟರು.

"ಎಂತ ಆಯ್ತು ಮಾರಾಯ್ರೇ? ವಿಷ ಗಿಷ ಬಿತ್ತಾ?" ಎಂದರು ಗಿರಿಯಮ್ಮ.

ಇನ್ನು ಮುಚ್ಚಿಟ್ಟು ಫಲವಿಲ್ಲ. ವೃಷಭೇಂದ್ರಪ್ಪನವರು ಎಲ್ಲರೆದುರು ತಪ್ಪೊಪ್ಪಿಕೊಂಡು, ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ, ಜರಡಿ ಹಿಡಿದು ಕೂತರು. ಮೊದಲ ಸಲ ಜರಡಿ ಹಿಡಿದರು: ಏನೂ ಇಲ್ಲ. ಎರಡನೇ ಸಲ: ಒಂದು ಭತ್ತದ ಸಿಪ್ಪೆ. ಬೀಗರೆಲ್ಲ ಬಗ್ಗಿ ಸಿಪ್ಪೆಯನ್ನೇ ಪರಿಶೀಲಿಸಿದರು. ಮೂರನೇ ಸಲ: ಆ ಸಿಪ್ಪೆಯೂ ಇಲ್ಲ. ಅಷ್ಟರಲ್ಲಿ ಅವರ ಹುಬ್ಬು, ಮೀಸೆ, ಮೂಗು ಎಲ್ಲ ಬೆಳ್ಳಗಾಗಿದ್ದವು.

"ಬೀಸುವಾಗ ಕಲ್ಲಿಗೇ ಸಿಕ್ಕಿ ಪುಡಿಯಾಗಿರಬೇಕು" ಎಂದು ಅವರು ಅಳುವ ದನಿಯಲ್ಲಿ ಹೇಳಿದರು. "ಈ ಹಿಟ್ಟು ಚೆಲ್ಲಿಬಿಡಿ. ನಮ್ಮನೆ ಅಕ್ಕಿ ಬೀಸಿ ತಂದ್ಕೊಡ್ತೀನಿ."

"ಮೊದಲು ಸುಧಾರಿಸ್ಕೊಳ್ಳಿ" ಎಂದು ಗಿರಿಯಮ್ಮ ಚಕ್ಕುಲಿಯ ತಟ್ಟೆ ಮುಂದಿಟ್ಟರು.

ವೃಷಭೇಂದ್ರಪ್ಪನವರು ಒಂದು ಚಕ್ಕುಲಿ ಕಡಿದರು. ಕರುಂ!

ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಕಡಿದರು. ಕರುಂ! ಎಡಗಡೆ ತಲೆಯೊಳಗೆ ಗಿರಣಿ, ಬಲಗಡೆ ಬರೀ ಚಕ್ಕುಲಿ. ಇದ್ಯಾಕೆ ಹೀಗೆ? ಎಡಗಿವಿಯಲ್ಲಿ ಇಯರ್‌ಫೋನೇ ಇಲ್ಲವಲ್ಲ! ಇನ್ನೊಂದು ಸಲ ಪರೀಕ್ಷೆಗೆಂದು ಮೂರನೆಯದನ್ನು ಕಡಿಯುತ್ತಿದ್ದಂತೆ ಸತ್ಯ ಹೊಳೆದೇ ಬಿಟ್ಟಿತು. ಹಿಟ್ಟು ಮೆತ್ತಿದ ಮುಖದ ಕೆಳಗೆ ಅವರು ಇನ್ನಷ್ಟು ಬಿಳಿಚಿಕೊಂಡರು. ಯಾರಿಗೂ ಗೊತ್ತಾಗದ ಹಾಗೆ ಎದ್ದು ಹೋಗಿಬಿಡಬೇಕು! ಕಲ್ಲಮ್ಮನಿಗೆ ಗುಟ್ಟಾಗಿ ತಿಳಿಸಲೆಂದು ಮೆಲ್ಲಗೆ ಎಡಗಿವಿ ಮುಟ್ಟಿ ತೋರಿಸಿದರು.

ಗಿರಣಿಯ ಸನ್ನೆಗೆ ಕಲ್ಲಮ್ಮ ಗಿರಣಿಯ ದನಿಯಲ್ಲೇ ಓಗೊಟ್ಟರು.

"ಎಂತ? ಸದ್ದು ಬದಲಾಯ್ತಾ? ಎಲ್ಲಿ, ನೋಡ್ತೀನಿ!" ಎಂದು ಎದ್ದು ಬಂದು ಬಗ್ಗಿದರು. "ಅಯ್ಯೋ ಶಿವನೇ! ಇಲ್ಲೇ ಕೂತಿದೆಯಲ್ರೀ!"

ಎರಡು ಉಗುರು ಹಾಕಿ ಎಳೆದರು. ಪಟ್! ಪ್ರಪಂಚದ ಬಾಗಿಲು ತೆರೆಯಿತು. ಮೊದಲು ಒಳಗೆ ಬಂದದ್ದು ಹದಿನಾಲ್ಕು ಜನರ ನಗು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ ಅನ್ನೋದು ಕೇಳಿದ್ದೆ" ಎಂದರು ಗಿರಿಯಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಕಿವಿಯಲ್ಲಿ ಇಟ್ಕೊಂಡು ಪಕ್ಕದೂರಿಗೆ ಹುಡುಕೋಕೆ ಬಂದೋರನ್ನ ಇವತ್ತೇ ನೋಡಿದ್ದು! ಹಿಟ್ಟಿಗೆ ಮೂರು ಸಲ ಜರಡಿ ಹಿಡಿದ್ರಲ್ಲ ಮಾರಾಯ್ರೇ, ಶುರುವಿಗೇ ತಲೆಗೆ ಒಂದ್ಸಲ ಹಿಡಿದಿದ್ರೆ ಆಗ್ತಿರ್ಲಿಲ್ವಾ?"

ಮೇಘನಳ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಮದುವೆಯ ಹಿಟ್ಟು ಅಷ್ಟೂ ಇವರ ಗಿರಣಿಯಲ್ಲೇ ಆಗಲಿ ಎಂದೂ ಹೇಳಿದರು. ಗಿರಿಯಮ್ಮ ಅದಕ್ಕೊಂದು ಷರತ್ತು ಸೇರಿಸಿದರು: "ಬೀಸುವಾಗ ಕಿವಿ ಖಾಲಿ ಇರ್ಬೇಕು."

ಗಿರಣಿ ಉಳಿಯಿತು. ಸ್ಕೂಟರ್ ಬಾಳಗಡಿಯತ್ತ ತಿರುಗಿತು. ಕಲ್ಲಮ್ಮ ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟು ಕೂತು, ಬರುವಾಗ ನಿಲ್ಲಿಸಿದ್ದ ಜಾಗದಿಂದಲೇ ಮುಂದುವರಿಸಿದರು. ಜೋಗುಳವೆಲ್ಲಿ ಬಂತು! ಹತ್ತು ಎಚ್‌ಪಿ ಮೋಟಾರು ನೇರ ಕಿವಿಯೊಳಗೇ ಶುರುವಾಗಿತ್ತು. ಗಿರಿಯಮ್ಮನೆದುರು, ಬೀಗರೆದುರು, ಶಿವನೆದುರು ಮಾನ ಹೋದದ್ದರ ವಿವರ ಒಂದೊಂದೂ ಸ್ಪಷ್ಟವಾಗಿ, ನಡುವೆ ಎಳೆದುಕೊಳ್ಳುವ ಉಸಿರಿನ ಸಮೇತ, ಕೇಳಿಸುತ್ತಿತ್ತು. ಅರ್ಧ ದಾರಿಯಲ್ಲಿ ವೃಷಭೇಂದ್ರಪ್ಪನವರು ಸ್ಕೂಟರ್ ನಿಧಾನ ಮಾಡಿ, ಒಂದು ಕೈಯಿಂದ ಮೇಲಿನ ಜೇಬು ತಡಕಿದರು. ಆಮೇಲೆ ಪಕ್ಕದ ಜೇಬು.

"ಮಾರಾಯ್ತಿ, ಆ ರಬ್ಬರ್ ಟೊಪ್ಪಿ ಎಲ್ಲಿ?"

"ನನ್ನ ಹತ್ರ ಇದೆ" ಎಂದರು ಕಲ್ಲಮ್ಮ. "ಮನೆ ಮುಟ್ಟೋ ತನಕ ಕೊಡಲ್ಲ."