ಅಳಿಯಂದಿರು ಗಾಡಿಗೆ ಬಾಡಿ ಕಟ್ಟಿಸಿದ್ದು

ನಮ್ಮ ಅಳಿಯಂದಿರಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ತಲೆ ಚೆನ್ನಾಗಿಯೇ ಇದೆ. ಅದನ್ನು ಒಂದು ಗಾಡಿಯ ಹಿಂಭಾಗದಲ್ಲಿಟ್ಟು, ಅಲ್ಲಾಡದ ಹಾಗೆ ಬೆಲ್ಟ್ ಬಿಗಿದು, ಮರೆತು ಬಂದಿದ್ದಾರೆ, ಅಷ್ಟೇ!

ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ಬರೆಯುವ ಕೈ ಮುಂದಕ್ಕೆ ಹೋಗುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಬೆಣ್ಣೆಯ ಮುದ್ದೆಗೆ ಮೂಗು ಇಟ್ಟ ಹಾಗಿದ್ದಾಳೆ! ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷೂ ಬಾರದು, ಇಲ್ಲಿಯ ಸ್ವೀಡಿಷೂ ಬಾರದು. ಆದರೂ ಮಗಳ ಮನೆಯಿರುವ ಸೋಲ್ನಾ ಊರಿನ ಬಸ್ ಡ್ರೈವರನಿಂದ ಹಿಡಿದು ಪಕ್ಕದ ಮನೆಯ ನಾಯಿ ಹಿಡಿದುಕೊಂಡು ಹೋಗುವ ಮುದುಕಿಯವರೆಗೆ ಎಲ್ಲರಿಗೂ ಈ ಸುದ್ದಿ ಮುಟ್ಟಿಸಿದ್ದೇನೆ. ತೋಳಿನಲ್ಲಿ ಮಗು ಆಡಿಸುವಂತೆ ಕೈ ಆಡಿಸಿ ಎದೆ ಮುಟ್ಟಿಕೊಂಡರೆ ಯಾವ ದೇಶದವರಿಗೆ ಅರ್ಥವಾಗುವುದಿಲ್ಲ ಹೇಳಿ?

ಮಗಳ ಬಾಣಂತನಕ್ಕೆಂದು ದಾವಣಗೆರೆಯಿಂದ ಹೊರಟಾಗ ನಾನು ತಂದದ್ದು ಮುಖ್ಯವಾಗಿ ಒಂದೇ ಸಾಮಾನು: ನನ್ನ ಮಗಳನ್ನು ಹಾಕಿ ತೂಗಿದ ಮರದ ತೊಟ್ಟಿಲು. ಬಿಡಿ ಬಿಡಿಯಾಗಿ ಕಳಚಿ, ಸೀರೆಗಳಲ್ಲಿ ಸುತ್ತಿ, ಹಿತ್ತಾಳೆಯ ಸರಪಳಿಯನ್ನು ಚಟ್ನಿಪುಡಿ ಡಬ್ಬದ ಪಕ್ಕ ಇಟ್ಟು ತಂದೆ. ಮೊಮ್ಮಗುವಿನ ನಾಮಕರಣ ಇದೇ ತೊಟ್ಟಿಲಲ್ಲಿ ಆಗಬೇಕು ಎಂಬುದು ನನ್ನ ಆಸೆ. ಬಂದ ದಿನವೇ ಅಳಿಯಂದಿರ ಹತ್ತಿರ ಕೇಳಿದೆ.

"ಅಳಿಯಂದ್ರೇ, ಚಾವಣಿಗೆ ಒಂದು ಕೊಕ್ಕೆ ಹಾಕಿಸಿಕೊಡಿ. ತೊಟ್ಟಿಲು ಕಟ್ಟಬೇಕು."

"ಅಯ್ಯೋ ಅತ್ತೆ, ಇದು ಬಾಡಿಗೆ ಫ್ಲ್ಯಾಟು. ಚಾವಣಿಗೆ ತೂತು ಕೊರೆದರೆ ಮನೆ ಬಿಡಿಸ್ತಾರೆ. ಪರ್ಮಿಷನ್ನೇ ಕೊಡಲ್ಲ."

"ಒಂದೇ ಒಂದು ಕೊಕ್ಕೆ!"

"ಕೊಕ್ಕೆ ಅಂದಾಗ ನೆನಪಾಯ್ತು ನೋಡಿ," ಎನ್ನುವಾಗ ಅವರ ಮುಖ ಒಮ್ಮೆಲೇ ಬೆಳಗಿತು. "ಗಾಡಿಗೆ ಎಷ್ಟು ಕೊಕ್ಕೆ ಹಾಕಿಸಲಿ ಅಂತ ಯೋಚನೆ ಮಾಡ್ತಾ ಇದ್ದೆ!"

ಗಾಡಿಯ ಕಥೆ ಇಲ್ಲಿಂದ ಶುರು. ಅಳಿಯಂದಿರದು ಟೆಲಿಫೋನ್ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಆಫೀಸಿನವರು ಒಮ್ಮೆ ಇವರನ್ನು ಬಡಗಣ ಸೀಮೆಗೆ ಕರೆದುಕೊಂಡು ಹೋಗಿ ಹಿಮದ ಮೇಲೆ ಓಡುವ ಸ್ಕೂಟರಿನಲ್ಲಿ ಕೂರಿಸಿದರಂತೆ. ಹೆಸರಿಗೆ ಸ್ಕೂಟರು, ಚಕ್ರವೇ ಇಲ್ಲ! ಮುಂದೆ ಜಾರುವ ಎರಡು ಪಟ್ಟಿ, ಹಿಂದೆ ಉರುಳುವ ರಬ್ಬರ್ ಪಟ್ಟೆ. ಅದು ರಸ್ತೆಯ ಮೇಲೆ ಹೋಗುವಂತಿಲ್ಲ. ಹಿಮ ಇರುವ ಊರಿಗೆ ಅದನ್ನು ಇನ್ನೊಂದು ಗಾಡಿಯ ಮೇಲೆ ಹೊತ್ತುಕೊಂಡು ಹೋಗಬೇಕು. ಹೊತ್ತು ತಿರುಗುವ ವಾಹನವನ್ನು ನಾವೇ ಹೊತ್ತು ತಿರುಗುವುದು! ಅಳಿಯಂದಿರು ಒಂದು ಹಳೆಯ ಪಿಕಪ್ ಗಾಡಿ ಕೊಂಡು, ಅದರ ಹಿಂದಿನ ತೊಟ್ಟಿ ಕಿತ್ತು, ಸ್ಕೂಟರ್ ಹೊರುವ ಚಪ್ಪಟೆ ಬಾಡಿ ಕಟ್ಟಿಸಲು ಹೊರಟಿದ್ದರು.

"ನಿಮ್ಮ ಸ್ಕೂಟರ್ ಎಲ್ಲಿದೆ?" ಎಂದು ಕೇಳಿದೆ.

"ನನ್ನ ಹತ್ತಿರ ಇಲ್ಲ ಅತ್ತೆ. ಸ್ವೆನ್ ಹತ್ತಿರ ಎರಡಿವೆ."

ಸ್ವೆನ್ ಎಂದರೆ ಇವರ ಆಫೀಸಿನ ಗೆಳೆಯ. ಎದೆಯವರೆಗೆ ಗಡ್ಡ, ಮಾತು ಕಡಿಮೆ. ಯಾರದೋ ಸ್ಕೂಟರಿಗೆ ನಮ್ಮವರ ಪಲ್ಲಕ್ಕಿ!

ಇನ್ನು ಆಯ್ಕೆಯ ವೈಭವ ಕೇಳಿ. ನನ್ನ ಮಗಳನ್ನು ನೋಡಲು ಬಂದಾಗ ಈ ಮಹಾರಾಯರು ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಒಪ್ಪಿಗೆ ಹೇಳಿದ್ದರು. ಗಾಡಿಯ ಬಾಡಿ ಆರಿಸಲು ಮಾತ್ರ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಬೇಕಾಯಿತು! ಅಲ್ಯೂಮಿನಿಯಂ ಹಗುರ, ಆದರೆ ಜಾರುತ್ತದೆ. ಮರದ್ದು ಜಾರುವುದಿಲ್ಲ, ಆದರೆ ನೀರು ಕುಡಿಯುತ್ತದೆ. ಕಬ್ಬಿಣ ಗಟ್ಟಿ, ಆದರೆ ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಒಂದೊಂದು ಅಂಗಡಿಯಲ್ಲೂ ಹಲಗೆಯನ್ನು ಬೆರಳಿನಿಂದ ಬಡಿದು, ಕಿವಿಯಿಟ್ಟು, ಕಲ್ಲಂಗಡಿ ಹಣ್ಣು ಆರಿಸಿದಂತೆ ಪರೀಕ್ಷೆ. ಅಂಗಡಿಯವನು ಕಾಫಿ ಕೊಟ್ಟ, ಬನ್ನು ಕೊಟ್ಟ, ಕೊನೆಗೆ ತಾಳ್ಮೆಯನ್ನೂ ಬಿಟ್ಟುಕೊಟ್ಟ.

ಆಮೇಲೆ ಅಳತೆ. ಒಂದು ಸಂಜೆ (ಇಲ್ಲಿ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಸಂಜೆ) ಹಾಲ್‌ನ ನೆಲದ ಮೇಲೆ ಹಳದಿ ಟೇಪು ಅಂಟಿಸಿ ಉದ್ದನೆಯ ಚೌಕ ಮಾಡಿದರು. ಎರಡು ಸ್ಕೂಟರು ಪಕ್ಕಪಕ್ಕ ಹಿಡಿಯುತ್ತವೆಯೇ ಎಂದು ನೋಡಲು ತಾವೇ ಒಂದು ಬದಿಗೆ ಸ್ಕೂಟರಾಗಿ ಮಲಗಿದರು.

"ಅತ್ತೆ, ನೀವು ಆ ಕಡೆ ಸ್ವಲ್ಪ ಮಲಗ್ತೀರಾ?"

"ಯಾಕ್ರೀ, ನನಗೂ ಬೆಲ್ಟ್ ಬಿಗಿಯೋದಿದೆಯಾ?"

ಅಂದಿನಿಂದ ಆ ಚೌಕ ನಮ್ಮ ಮನೆಯ ಗರ್ಭಗುಡಿಯಾಯಿತು. ತುಂಬಿದ ಬಸುರಿ ಮಗಳು ನೀರು ಕುಡಿಯಲು ಹೋಗಬೇಕೆಂದರೂ ಪ್ರದಕ್ಷಿಣೆ ಹಾಕಿಯೇ ಹೋಗಬೇಕು. ಒಮ್ಮೆ ಅವಳು ಚೌಕ ದಾಟಿ ಬಂದಳು. "ಏಯ್, ಹುಷಾರು! ಅದು ಸೈಡ್ ಡೋರ್!" ಎಂದು ಇವರು ಕೂಗಿದರು. ನನ್ನೆದುರಿಗೆ ಮಗಳು ಗಂಡನನ್ನು 'ರೀ' ಎನ್ನುತ್ತಾಳೆ. ನಾನು ಅಡುಗೆಮನೆಗೆ ಹೋದ ಮೇಲೆ "ಲೋ, ನಿನ್ನ ಸೈಡ್ ಡೋರಿಗೆ ಬೆಂಕಿ ಹಾಕ" ಎಂಬುದು ಕೇಳಿಸಿತು. ಒಲೆಯ ಮುಂದೆ ನಿಂತು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ.

ಇದೇ ದಿನಗಳಲ್ಲಿ ನಾನು ಒಂದು ಅನಾಹುತ ಕಂಡೆ. ಅಳಿಯಂದಿರು ನನ್ನ ಕೋಣೆಯಲ್ಲಿ ಕೂತು ತೊಟ್ಟಿಲಿನ ಸರಪಳಿಯನ್ನು ಟೇಪು ಹಿಡಿದು ಅಳೆಯುತ್ತಿದ್ದಾರೆ! ಮಗಳನ್ನು ತೂಗಿದ ಸರಪಳಿಯಲ್ಲಿ ಸ್ವೆನ್‌ನ ಸ್ಕೂಟರ್ ಕಟ್ಟುವ ಹುನ್ನಾರ! ಅವರು ಆಫೀಸಿಗೆ ಹೋದೊಡನೆ ಸರಪಳಿಯನ್ನು ಅಕ್ಕಿ ಡಬ್ಬದ ತಳಕ್ಕೆ ಹೂತುಬಿಟ್ಟೆ.

ಬಾಡಿ ಕೂತ ದಿನ ಪೂಜೆ ಮಾಡಿದೆ. ಎಷ್ಟೆಂದರೂ ಗಾಡಿ, ಅದರದೇನು ತಪ್ಪು? ಅರಿಶಿನ, ಕುಂಕುಮ, ಊದಿನಕಡ್ಡಿ, ಚಕ್ರದ ಕೆಳಗೆ ನಿಂಬೆಹಣ್ಣು. ಹಣ್ಣುಗಳನ್ನು ಹಿಂದಿನ ದಿನವೇ ಬಾಲ್ಕನಿಯಲ್ಲಿ ಇಟ್ಟಿದ್ದೆ. ಅಳಿಯಂದಿರು ಗಾಡಿ ಮುಂದಕ್ಕೆ ಬಿಟ್ಟರು. ನಿಂಬೆಹಣ್ಣು ಅಪ್ಪಚ್ಚಿಯಾಗಲಿಲ್ಲ. ಗಾಡಿಯೇ ಅದರ ಮೇಲೆ ಹತ್ತಿ ದಡಕ್ಕೆಂದು ಇಳಿಯಿತು! ಚಳಿಗೆ ಹಣ್ಣು ಗುಂಡುಕಲ್ಲಾಗಿತ್ತು. ಅಳಿಯಂದಿರು ಹಾರಿ ಇಳಿದು, ಬಾಡಿಯ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ, "ಅತ್ತೆ, ನಿಮ್ಮ ನಿಂಬೆಹಣ್ಣಿಂದ ಲೆವೆಲ್ಲು ಒಂದು ಕೂದಲು ಆಚೀಚೆ ಆಯ್ತು!" ಎಂದರು. ನಾನು ಕಣ್ಣಿಗೆ ಕಾಣದ ಆ ಕೂದಲಿಗೂ ಒಂದು ಕುಂಕುಮ ಇಟ್ಟೆ.

ಮಗಳಿಗೆ ನೋವು ಬಂದದ್ದು ಆ ವಾರವೇ. ಆಸ್ಪತ್ರೆಗೂ ಇದೇ ಗಾಡಿಯಲ್ಲಿ ಸವಾರಿ! ಬಾಣಂತಿಯ ಬಟ್ಟೆ, ಮಗುವಿನ ಬಟ್ಟೆ, ನನ್ನ ಫ್ಲಾಸ್ಕು ಎಲ್ಲ ಇದ್ದ ಬ್ಯಾಗನ್ನು ಹಿಂದಿಟ್ಟು, ಬಿರುಗಾಳಿಗೂ ಅಲುಗದ ಹಾಗೆ ಬೆಲ್ಟ್ ಬಿಗಿದರು. ಆಸ್ಪತ್ರೆ ಮುಟ್ಟುವುದರೊಳಗೆ ಬೆಲ್ಟಿನ ಬೀಗಕ್ಕೆ ಮಂಜು ಕಟ್ಟಿ ಕಲ್ಲಾಯಿತು. ಇವರು ಉಸಿರು ಊದಿದರು, ಉಜ್ಜಿದರು, ಗುದ್ದಿದರು. ಒಳಗೆ ನರ್ಸು, "ಅಪ್ಪ ಎಲ್ಲಿ?" ಎಂದು ಕೈಸನ್ನೆಯಲ್ಲಿ ಕೇಳಿದಳು. ನಾನು ಕಿಟಕಿಯಾಚೆ ತೋರಿಸಿದೆ. ಮಗು ಬಂತು, ಬ್ಯಾಗ್ ಬರಲಿಲ್ಲ!

ಅಳಿಯಂದಿರು ಓಡಿ ಬಂದಾಗ ನರ್ಸು ನಗುತ್ತಾ ಮಗುವನ್ನು ಅವರ ಮುಂದೆ ಹಿಡಿದಳು. ಇವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಬೇಡ, ಬೇಡ. ಕೈ ಎಲ್ಲ ಮರಗಟ್ಟಿದೆ. ಗ್ರಿಪ್ಪಿಲ್ಲ."

ಕೈ ಬೆಚ್ಚಗಾದ ಮೇಲೂ ಗ್ರಿಪ್ಪು ಬರಲಿಲ್ಲ. ಮನೆಗೆ ಬಂದು ವಾರಗಳಾದರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ ನೋಡುವುದು, ಬೆಲೆಬಾಳುವ ಸಾಮಾನಿನ ಅಂಗಡಿಗೆ ಹೋದವರ ಹಾಗೆ! ಎತ್ತಿಕೊಳ್ಳಿ ಎಂದರೆ ಗಾಡಿಯ ನೆನಪಾಗಿ ಕೆಳಗೆ ಇಳಿದುಹೋಗುವುದು. ಮಗಳು ಒಂದು ದಿನ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

"ಅಮ್ಮ, ಅವರಿಗೆ ಮಗು ಬೇಡವಾಗಿತ್ತೇನಮ್ಮ?"

ನಾಮಕರಣವೂ ಹೀಗೆಯೇ ಮುಂದೆ ಮುಂದೆ ಹೋಗಿತ್ತು. ತೊಟ್ಟಿಲಿಗೆ ಜಾಗವಿಲ್ಲ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಲ್ಲಿ ಹೆಸರು ಹೇಳಬೇಕಾದ ಅಪ್ಪನಿಗೆ ಗ್ರಿಪ್ಪಿಲ್ಲ! ಪಂಚಾಂಗ ನೋಡಿ ನಾನೇ ಗಟ್ಟಿಯಾಗಿ ಒಂದು ಶನಿವಾರ ಹೇಳಿದೆ. ಅಳಿಯಂದಿರು "ಆಗಲಿ ಅತ್ತೆ" ಎಂದರು. ಅದೇ ಶನಿವಾರ ಬೆಳಿಗ್ಗೆ ಸ್ಕೂಟರ್ ಹೇರಿಕೊಂಡು ಬಡಗಣಕ್ಕೆ ಹೊರಡೋಣ ಎಂದು ಸ್ವೆನ್‌ಗೂ "ಆಗಲಿ" ಎಂದಿದ್ದಾರೆ ಎಂಬುದು ಮಗಳಿಂದ ಗೊತ್ತಾಯಿತು. ನಾನು ಹೂರಣ ರುಬ್ಬುತ್ತಾ ಬಾಯಿಗೆ ಬಂದದ್ದನ್ನೆಲ್ಲ ಹೂರಣಕ್ಕೇ ಹೇಳಿದೆ.

ಶನಿವಾರ ಬೆಳಿಗ್ಗೆ ಗಾಡಿಯ ಹತ್ತಿರ ಠಣ್ ಠಣ್ ಸದ್ದು. ಬಾಡಿಯ ಮೇಲೆ, ಸ್ಕೂಟರಿಗೆ ಹಿಮ ಬೀಳದ ಹಾಗೆ ತಾಡಪಾಲು ಹೊದಿಸಲೆಂದು ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು ಮಾಡಿಸಿದ್ದರು. ನಡುವೆ ಒಂದು ದಪ್ಪ ಕಂಬಿ, ಕಂಬಿಗೆ ಕೊಕ್ಕೆಗಳು. ನೋಡಿದರೆ ಮದುವೆ ಚಪ್ಪರದ ಹಾಗೆ. ಕಿಟಕಿಯಿಂದ ಬಗ್ಗಿದೆ. ಸ್ವೆನ್ ಒಂದು ಕಡೆ, ಅಳಿಯಂದಿರು ಒಂದು ಕಡೆ, ಆ ಚಪ್ಪರದ ಬೋಲ್ಟು ಬಿಚ್ಚುತ್ತಿದ್ದಾರೆ! ಸ್ವಲ್ಪ ಹೊತ್ತಿಗೆ ಕಂಬಿಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ಹಾಲ್‌ನಲ್ಲಿ ಜೋಡಿಸಿ ನಿಲ್ಲಿಸಿದರು. ನಾಲ್ಕು ಕಾಲೂ ಹಳದಿ ಟೇಪಿನ ನಾಲ್ಕು ಮೂಲೆಗೆ ಸರಿಯಾಗಿ ಕೂತವು.

"ಅತ್ತೆ, ಬಡಗಣಕ್ಕೆ ಮುಂದಿನ ವಾರ ಹೋಗ್ತೀವಿ. ಸರಪಳಿ ಎಲ್ಲಿ? ಅವತ್ತು ಅಳತೆ ತಗೊಂಡು ಕೊಕ್ಕೆ ಹಾಕಿಸಿದ್ದೀನಿ. ಆಮೇಲೆ ಹುಡುಕಿದರೆ ಕಾಣಲೇ ಇಲ್ಲ!"

ನಾನು ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ.

"ಇದನ್ನ ಮೊದಲೇ ಹೇಳೋಕೇನಾಗಿತ್ರೀ?" ಎಂದಳು ಮಗಳು.

"ಲೋಡ್ ಟೆಸ್ಟ್ ಆಗಿರಲಿಲ್ಲ."

ಆ ಟೆಸ್ಟೂ ಅಲ್ಲೇ ಆಯಿತು. ಕೊಕ್ಕೆಗೆ ಮೊದಲು ಅಳಿಯಂದಿರು ಜೋತುಬಿದ್ದರು. ಆಮೇಲೆ ಗಡ್ಡದ ಸಮೇತ ಸ್ವೆನ್ ಜೋತುಬಿದ್ದ. ಆಮೇಲೆ ಇಬ್ಬರೂ ಒಟ್ಟಿಗೆ! ಚೌಕಟ್ಟು ಮಿಸುಕಲಿಲ್ಲ. ಅಳಿಯಂದಿರು ಕಂಬಿಗೆ ಕಿವಿಯಿಟ್ಟು ಕೇಳಿ, ರಸಮಟ್ಟ ಇಟ್ಟು ನೋಡಿ, ತೊಟ್ಟಿಲು ಕಟ್ಟಿದರು. ತೂಗುವ ಹಗ್ಗದ ಬದಲಿಗೆ ಕಿತ್ತಳೆ ಬಣ್ಣದ ಸ್ಕೂಟರ್ ಬೆಲ್ಟು. ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಕೂಗಲು ನಮ್ಮಲ್ಲಿ ಸೋದರತ್ತೆ ಬೇಕು. ಸೋದರತ್ತೆ ಹುಬ್ಬಳ್ಳಿಯಲ್ಲಿದ್ದಾಳೆ. ಅವಳ ಬದಲು ಸ್ವೆನ್‌ನನ್ನು ನಿಲ್ಲಿಸಿದೆವು. ಆ ಪುಣ್ಯಾತ್ಮ ಗಂಭೀರವಾಗಿ ಬಗ್ಗಿ, ಅಚ್ಚುಕಟ್ಟಾಗಿ ಹಿಮದ ಸ್ಕೂಟರ್ ಸ್ಟಾರ್ಟ್ ಮಾಡಿದ ಸದ್ದು ಮಾಡಿದ! ಕೂಸು ಬೆಚ್ಚಲಿಲ್ಲ, ಕಣ್ಣರಳಿಸಿತು. ನನಗೆ ಭಯವಾಯಿತು: ಇದೂ ಅಪ್ಪನ ಜಾತಿಯೇ ಇರಬೇಕು!

ಇನ್ನು ಹೆಸರು ಹೇಳುವುದು ಉಳಿಯಿತು. ನಾನು ಮಗುವನ್ನು ಮುಂದೆ ಹಿಡಿದೆ. ಅಳಿಯಂದಿರ ಕೈ ಬೆನ್ನ ಹಿಂದೆಯೇ ಇತ್ತು.

"ಅತ್ತೆ, ಎಷ್ಟು ಬಿಗಿಯಾಗಿ ಹಿಡೀಬೇಕು? ಬಿಗಿ ಹಿಡಿದರೆ ನೋವಾಗುತ್ತೆ. ಸಡಿಲ ಬಿಟ್ಟರೆ..." ಇಡೀ ಚಳಿಗಾಲ ಹಲಗೆ, ಕೊಕ್ಕೆ, ಬೆಲ್ಟು ಎಂದು ಊರೆಲ್ಲ ಅಲೆದ ಮನುಷ್ಯ ನನ್ನ ಕೈ ಮಗುವನ್ನು ಹಿಡಿದ ರೀತಿಯನ್ನೇ ನೋಡುತ್ತಿದ್ದರು. ಬಿದ್ದುಹೋಗಬಾರದು ಎಂಬ ಒಂದೇ ಚಿಂತೆಯನ್ನು ಈ ಪುಣ್ಯಾತ್ಮ ಸ್ಕೂಟರಿನ ಹೆಸರಿನಲ್ಲಿ ಹೊತ್ತು ತಿರುಗಿದ್ದರು.

"ಅದಕ್ಕೆ ಅಳತೆ ಇಲ್ಲ ಅಳಿಯಂದ್ರೇ. ಹಿಡೀರಿ, ಕೈಗೇ ಗೊತ್ತಾಗುತ್ತೆ."

ಹಿಡಿದರು. ಕಿವಿಯ ಹತ್ತಿರ ಬಾಯಿಟ್ಟು ಹೆಸರು ಹೇಳಿದರು. ಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸ್ವೆನ್ ಗಡ್ಡದಿಂದ ಒರೆಸಿಕೊಂಡ. ನಾನು ಆರತಿ ಹಚ್ಚಿ, "ಇನ್ನು ತೊಟ್ಟಿಲಿಗೆ ಹಾಕಿ" ಎಂದೆ.

ಅಳಿಯಂದಿರಿಗೆ ಕೇಳಿಸಲೇ ಇಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಹತ್ತಿರ ನಿಂತು, ಅದಕ್ಕೆ ಕೆಳಗೆ ನಿಂತ ಗಾಡಿಯನ್ನು ತೋರಿಸುತ್ತಿದ್ದರು. ತೊಟ್ಟಿಲು ಖಾಲಿಯೇ ತೂಗುತ್ತಿತ್ತು. ಮುಹೂರ್ತ ಮೀರುತ್ತಿತ್ತು. ನಾನು ಮತ್ತೆ ಕರೆಯಲಿಲ್ಲ.